ಗ್ಯಾಸಿನ ವಾಸನೆ ಬಂದರೆ ಮಗು ಏನು ಮಾಡಬೇಕು?

ಪ್ರಶ್ನೆ: ಗ್ಯಾಸ್ ಸೋರಿದಾಗ ಬರುವ ಕೆಟ್ಟ ವಾಸನೆ ಯಾವುದರದ್ದು? ಎಂಟು ವರ್ಷದ ಮಗಳಿಗೆ ಏನೆಂದು ಹೇಳಿಕೊಡಲಿ?

ಉತ್ತರ: ಸಿಲಿಂಡರಿನಲ್ಲಿರುವ ಪ್ರೊಪೇನ್, ಬ್ಯೂಟೇನ್‌ಗಳಿಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಸೋರಿಕೆ ಮೂಗಿಗೆ ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಚೂರೇ ಚೂರು ಬೆರೆಸುತ್ತಾರೆ. ಕೊಳೆತ ಎಲೆಕೋಸಿನಂಥ ವಾಸನೆ ಎಂದರೆ ಮಗಳಿಗೆ ಗುರುತು ಸಿಗುತ್ತದೆ.

ಈ ಅನಿಲ ಗಾಳಿಗಿಂತ ಭಾರ. ಮೇಲೇರದೆ ನೆಲದ ಮಟ್ಟದಲ್ಲಿ ಹರಡಿ, ಕಟ್ಟೆಯ ಕೆಳಗೆ, ಮೂಲೆಗಳಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ. 2ರಷ್ಟು ಸೇರಿಕೊಂಡರೂ ಹೊತ್ತಿಕೊಳ್ಳಬಲ್ಲದು. ಅದಕ್ಕೆ ಸ್ವಿಚ್ಚಿನೊಳಗೆ ಹಾರುವ ಸಣ್ಣ ಕಿಡಿ ಸಾಕು. ಲೈಟ್ ಹಾಕುವಾಗ ಮಾತ್ರವಲ್ಲ, ಆರಿಸುವಾಗಲೂ. ವಾಸನೆ ಹೋಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಮಕ್ಕಳು ಎಕ್ಸಾಸ್ಟ್ ಫ್ಯಾನ್ ಹಾಕಲು ಓಡಬಹುದು. ಹಾಗಾಗಿ ‘ಮುಟ್ಟಬೇಡ’ ಎಂದು ಗದರಿದರೆ ಸಾಲದು, ಕಾರಣವನ್ನೂ ಹೇಳಲೇಬೇಕು. ಎಂಟು ವರ್ಷಕ್ಕೆ ಅದು ಚೆನ್ನಾಗಿಯೇ ಅರ್ಥವಾಗುತ್ತದೆ. ಅವಳು ಸ್ವಿಚ್ ಮುಟ್ಟದೆ ಹೊರಗೆ ಬಂದು ದೊಡ್ಡವರನ್ನು ಕೂಗಲಿ, ಅಷ್ಟೇ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ನಿಂತು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡುವುದು ನಿಮ್ಮ ಕೆಲಸ. ಆ ನಂಬರನ್ನು ಅವಳ ಕೈಯಲ್ಲೇ ಬರೆಸಿ ಮುಂಬಾಗಿಲ ಬಳಿ ಅಂಟಿಸಿ.

ಒಲೆ ಆರಿರುವಾಗ ಅವಳಿಗೆ ಒಪ್ಪಿಸಬಹುದಾದ ಕೆಲಸವೂ ಒಂದಿದೆ. ಸಿಲಿಂಡರಿನ ಸುತ್ತ ಬಿದ್ದ ಅನ್ನದಗುಳು, ಕಾಯಿತುರಿ ಗುಡಿಸುವುದು. ಆಹಾರದ ಚೂರು ಕಂಡಲ್ಲಿಗೆ ಇಲಿ ಬರುತ್ತದೆ, ಬಂದ ಇಲಿ ಗ್ಯಾಸಿನ ಪೈಪನ್ನೂ ಕಡಿಯುತ್ತದೆ. ಗುಡಿಸಿದ ಮೇಲೆ ಪೈಪಿನಲ್ಲಿ ಹಲ್ಲಿನ ಗುರುತು, ಬಿರುಕು ಇದೆಯೇ ಎಂದು ನೀವೂ ಅವಳೂ ಒಟ್ಟಿಗೆ ನೋಡಿ. ಕಂಡರೆ ಅಂದೇ ಬದಲಿಸಿ.