ರಾಜಧಾನಿಯಿಂದ ಹೋಬಳಿಯವರೆಗೆ: ಬೃಹತ್ ಗಣಕಜಾಲ ವಿನ್ಯಾಸದ ಕಲಿಕೆ

ಒಂದು ಕೊಠಡಿಯ ಹತ್ತು ಗಣಕಯಂತ್ರಗಳನ್ನು ಪರಸ್ಪರ ಜೋಡಿಸುವುದು ಕೈಕೆಲಸ. ಒಂದು ರಾಜ್ಯದ ಸಾವಿರಾರು ಕಚೇರಿಗಳನ್ನು ಜೋಡಿಸುವುದು ವಿನ್ಯಾಸ. ಇವೆರಡರ ನಡುವಿನ ಅಂತರ ಕೇವಲ ಸಂಖ್ಯೆಯದಲ್ಲ. ಮೊದಲನೆಯದರಲ್ಲಿ ತಪ್ಪಾದರೆ ತಂತಿಯನ್ನು ಕಿತ್ತು ಮತ್ತೆ ಹಾಕಬಹುದು. ಎರಡನೆಯದರಲ್ಲಿ ಆರಂಭದ ತಪ್ಪು ದಶಕಗಳ ಕಾಲ ಉಳಿಯುತ್ತದೆ, ಅದರ ಫಲವನ್ನು ಅನುಭವಿಸುವವನು ಜಾಲದ ಕೊನೆಯ ತುದಿಯಲ್ಲಿರುವ ಸಾಮಾನ್ಯ ಪ್ರಜೆ. ಬೃಹತ್ ಸಂಸ್ಥೆಗಳ ಗಣಕಜಾಲವನ್ನು ವಿನ್ಯಾಸಗೊಳಿಸಲು ಕಲಿಯುವುದೆಂದರೆ ಏನನ್ನು ಕಲಿಯುವುದು ಎಂಬ ಪ್ರಶ್ನೆಯನ್ನು ಕರ್ನಾಟಕದ ಆಡಳಿತ ಜಾಲಗಳ ಅನುಭವದ ಹಿನ್ನೆಲೆಯಲ್ಲಿ ಇಲ್ಲಿ ವಿವೇಚಿಸಲಾಗಿದೆ. ಉದಾಹರಣೆಯ ಕೊನೆಯ ತುದಿಯಾಗಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರವಾದ ಉಳವಿಯನ್ನು ಆಯ್ದುಕೊಳ್ಳಲಾಗಿದೆ.

ಎರಡು ಯೋಜನೆಗಳು, ಎರಡು ವಿನ್ಯಾಸಗಳು

ಈ ವಿದ್ಯೆಯ ಮೊದಲ ಪಾಠಕ್ಕೆ ಬೇಕಾದ ಸಾಮಗ್ರಿ ಕರ್ನಾಟಕದಲ್ಲಿಯೇ ದೊರೆಯುತ್ತದೆ. 2001ರಲ್ಲಿ ಜಾರಿಗೆ ಬಂದ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ಭೂಮಾಲೀಕರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿ ದಾಖಲೆಗಳನ್ನು ಗಣಕೀಕರಿಸಿತು. ಆರಂಭದಲ್ಲಿ ಈ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇದ್ದವು. ಸೊರಬದ ರೈತನ ಪಹಣಿ ಸೊರಬದಲ್ಲಿ, ಶಿಕಾರಿಪುರದ ರೈತನದು ಶಿಕಾರಿಪುರದಲ್ಲಿ. ಬೆಂಗಳೂರಿನೊಡನೆ ಸಂಪರ್ಕ ಇಲ್ಲದಿದ್ದರೂ ಪಹಣಿ ಕೊಡುವ ಕೆಲಸ ನಿಲ್ಲುತ್ತಿರಲಿಲ್ಲ. ಆದರೆ ಒಂದು ತಾಲ್ಲೂಕಿನ ದಾಖಲೆಯನ್ನು ಇನ್ನೊಂದು ಊರಿನಲ್ಲಿ ಪಡೆಯುವಂತಿರಲಿಲ್ಲ, ಎಲ್ಲ ಸರ್ವರ್‌ಗಳನ್ನೂ ಸ್ಥಳೀಯವಾಗಿಯೇ ಕಾಪಾಡಬೇಕಿತ್ತು.

ಇದೇ ಕಾಲದಲ್ಲಿ, 2002ರಲ್ಲಿ, ಆರಂಭವಾದ 'ಖಜಾನೆ' ಯೋಜನೆಯು ವಿರುದ್ಧ ದಾರಿಯನ್ನು ಹಿಡಿಯಿತು. ರಾಜ್ಯದ 200ಕ್ಕೂ ಹೆಚ್ಚು ಖಜಾನೆಗಳು ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರ ಸರ್ವರ್‌ಗೆ ಜೋಡಣೆಗೊಂಡವು. ಸರ್ಕಾರದ ಹಣಕಾಸಿನ ಲೆಕ್ಕ ಒಂದೇ ಕಡೆ ಕಾಣಬೇಕಾದಾಗ ಇದು ಸಹಜವಾದ ಆಯ್ಕೆ. ಆದರೆ ಇಲ್ಲಿ ಸಂಪರ್ಕವೇ ಪ್ರಾಣ. ಜೊತೆಗೆ ವಿಳಂಬವೂ ಉಂಟು. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಪ್ರಶ್ನೆಯೊಂದು ಮೇಲೇರಿ ಇಳಿಯಬೇಕು, ಉತ್ತರವೂ ಹಾಗೆಯೇ ಬರಬೇಕು. ಒಟ್ಟು ದೂರ ಸುಮಾರು 1,44,000 ಕಿಲೋಮೀಟರ್. ಬೆಳಕಿನ ವೇಗದಲ್ಲಿಯೂ ಅರ್ಧ ಸೆಕೆಂಡಿಗೆ ಸಮೀಪದ ಕಾಲ. ಒಂದು ಪುಟ ತೆರೆಯಲು ತಂತ್ರಾಂಶವು ಒಂದಾದ ಮೇಲೊಂದರಂತೆ 20 ಬಾರಿ ಸರ್ವರ್‌ನ್ನು ಕೇಳುವಂತಿದ್ದರೆ ಸುಮಾರು 10 ಸೆಕೆಂಡು ಕಾಯಬೇಕಾಗುತ್ತದೆ. ಎಷ್ಟು ಹಣ ತೆತ್ತರೂ ಈ ಕಾಲವನ್ನು ಕುಗ್ಗಿಸಲಾಗದು. ಕುಗ್ಗಿಸಬಹುದಾದದ್ದು ಪ್ರಶ್ನೆಗಳ ಸಂಖ್ಯೆಯನ್ನು ಮಾತ್ರ.

ಈ ಎರಡರಲ್ಲಿ ಯಾವುದು ಉತ್ತಮವೆಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ಕೆಲಸ ಎಲ್ಲಿ ನಡೆಯಬೇಕು, ಅದು ಎಷ್ಟು ಹೊತ್ತು ನಿಂತರೆ ಸಹಿಸಬಹುದು, ದತ್ತಾಂಶ ಯಾರ ಬಳಿ ಇರಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ರೂಟರ್, ಸ್ವಿಚ್‌ಗಳ ಮಾತು ಬರಬೇಕು. ಕಲಿಯುವವರು ಸಾಮಾನ್ಯವಾಗಿ ಯಂತ್ರದಿಂದ ಆರಂಭಿಸುತ್ತಾರೆ; ವಿನ್ಯಾಸಕಾರನು ಅಗತ್ಯದಿಂದ ಆರಂಭಿಸುತ್ತಾನೆ.

ಸ್ತರಗಳ ತತ್ತ್ವ

ಜಿಲ್ಲೆಗಳು 31. ಪ್ರತಿಯೊಂದು ಜಿಲ್ಲಾ ಕೇಂದ್ರವನ್ನೂ ಉಳಿದ ಎಲ್ಲದರೊಡನೆ ನೇರವಾಗಿ ಜೋಡಿಸಹೊರಟರೆ 465 ಮಾರ್ಗಗಳು ಬೇಕು. 230ಕ್ಕೂ ಹೆಚ್ಚು ತಾಲ್ಲೂಕುಗಳಿಗೆ ಇದೇ ಕ್ರಮವನ್ನು ಅನ್ವಯಿಸಿದರೆ ಮಾರ್ಗಗಳ ಸಂಖ್ಯೆ 26,000ವನ್ನು ಮೀರುತ್ತದೆ. ಆದ್ದರಿಂದ ದೊಡ್ಡ ಜಾಲಗಳನ್ನು ಸ್ತರಗಳಾಗಿ ವಿಂಗಡಿಸಲಾಗುತ್ತದೆ: ಬಳಕೆದಾರರು ಸೇರಿಕೊಳ್ಳುವ ಪ್ರವೇಶ ಸ್ತರ, ಅವರನ್ನು ಒಗ್ಗೂಡಿಸಿ ನಿಯಮಗಳನ್ನು ಜಾರಿಗೊಳಿಸುವ ವಿತರಣಾ ಸ್ತರ, ಎಲ್ಲವನ್ನೂ ವೇಗವಾಗಿ ಸಾಗಿಸುವ ಕೇಂದ್ರ ಸ್ತರ. ಕೇಂದ್ರ ಸರ್ಕಾರವು 2005ರಲ್ಲಿ 3,334 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಅನುಮೋದಿಸಿದ ರಾಜ್ಯವ್ಯಾಪಿ ಜಾಲ ಯೋಜನೆಯು ಇದೇ ಮಾದರಿಯದು. ರಾಜ್ಯ ಕೇಂದ್ರದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಕನಿಷ್ಠ 2 ಮೆಗಾಬಿಟ್ ಸಾಮರ್ಥ್ಯದ ಸಂಪರ್ಕ ಅದರ ಗುರಿಯಾಗಿತ್ತು. ಕರ್ನಾಟಕದಲ್ಲಿ ಈ ಜಾಲ 'ಕೆಸ್ವಾನ್' ಎಂಬ ಹೆಸರಿನಿಂದ ಪರಿಚಿತವಾಗಿದೆ.

ಕಂದಾಯ ಆಡಳಿತದ ಜಿಲ್ಲೆ, ತಾಲ್ಲೂಕು, ಹೋಬಳಿ ಎಂಬ ಶ್ರೇಣಿಗೂ ಜಾಲದ ಶ್ರೇಣಿಗೂ ಇರುವ ಸಾಮ್ಯ ಆಕಸ್ಮಿಕವಲ್ಲ. ದೊಡ್ಡದನ್ನು ನಿರ್ವಹಿಸಲು ಅದನ್ನು ಭಾಗ ಮಾಡಿ, ಒಂದು ಭಾಗದ ತೊಂದರೆ ಇನ್ನೊಂದನ್ನು ತಟ್ಟದಂತೆ ನೋಡಿಕೊಳ್ಳುವುದೇ ಎರಡರ ಉದ್ದೇಶವೂ ಆಗಿದೆ. ಸೊರಬದ ಒಂದು ಕಚೇರಿಯಲ್ಲಿ ತಂತಿಗಳನ್ನು ತಪ್ಪಾಗಿ ಸುತ್ತಿ ಜೋಡಿಸಿದ್ದರಿಂದ ಉಂಟಾದ ಗೊಂದಲ ಆ ಕಚೇರಿಯಲ್ಲಿಯೇ ಮುಗಿಯಬೇಕು. ಶಿಕಾರಿಪುರಕ್ಕೆ ಅದರ ಸುಳಿವೂ ಸಿಗಬಾರದು.

ವಿಳಾಸ ಹಂಚಿಕೆ ಮತ್ತು ಬದಲಾಗುವ ಭೂಪಟ

ವಿನ್ಯಾಸದ ದೂರದೃಷ್ಟಿಯನ್ನು ಪರೀಕ್ಷಿಸುವುದು ವಿಳಾಸ ಹಂಚಿಕೆ. ಖಾಸಗಿ ಜಾಲಗಳಿಗೆ ಮೀಸಲಾದ, 10ರಿಂದ ಆರಂಭವಾಗುವ ವಿಳಾಸ ಸಮೂಹವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದರ ಎರಡನೆಯ ಅಂಕಿಯನ್ನು ಜಿಲ್ಲೆಗೂ ಮೂರನೆಯದನ್ನು ಜಿಲ್ಲೆಯೊಳಗಿನ ಕಚೇರಿಗೂ ನಾಲ್ಕನೆಯದನ್ನು ಯಂತ್ರಕ್ಕೂ ಕೊಟ್ಟರೆ ಪ್ರತಿ ಜಿಲ್ಲೆಗೆ 256 ಉಪಜಾಲಗಳು ದೊರೆಯುತ್ತವೆ. ತಾಲ್ಲೂಕಿಗೆ 32ರಂತೆ ಹಂಚಿದರೆ 8 ಗುಂಪುಗಳು. ಶಿವಮೊಗ್ಗ ಜಿಲ್ಲೆಯ 7 ತಾಲ್ಲೂಕುಗಳಿಗೆ ಏಳು ಗುಂಪು, ಜಿಲ್ಲಾ ಕೇಂದ್ರದ ಕಚೇರಿಗಳಿಗೆ ಉಳಿದ ಒಂದು. ಬೆಂಗಳೂರಿನ ರೂಟರ್‌ಗೆ ಇಡೀ ಶಿವಮೊಗ್ಗ ಜಿಲ್ಲೆ ಒಂದೇ ಸಾಲಿನಲ್ಲಿ ಕಾಣುತ್ತದೆ. ಉಳವಿಯಲ್ಲಿ ನಡೆಯುವ ಏರುಪೇರು ಅದನ್ನು ಕಲಕುವುದಿಲ್ಲ.

ಕಾಗದದ ಮೇಲೆ ಇದು ಸುಂದರವಾಗಿದೆ. ಆದರೆ ಬೆಳಗಾವಿ ಜಿಲ್ಲೆಯಲ್ಲಿ ಹಿಂದಿನಿಂದಲೂ 10 ತಾಲ್ಲೂಕುಗಳಿದ್ದವು. ಅಲ್ಲಿ ಈ ಹಂಚಿಕೆ ಮೊದಲ ದಿನವೇ ಮುರಿದು ಬೀಳುತ್ತದೆ. ಭೂಪಟವೂ ಸ್ಥಿರವಲ್ಲ. 1997ರಲ್ಲಿ 20 ಇದ್ದ ಜಿಲ್ಲೆಗಳು 27 ಆದವು. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರಗಳು, ಅನಂತರ ಯಾದಗಿರಿ, 2021ರಲ್ಲಿ ವಿಜಯನಗರ ಜಿಲ್ಲೆಗಳು ಸೇರಿಕೊಂಡವು. ಬಳ್ಳಾರಿಯ ಗುಂಪಿನಲ್ಲಿದ್ದ ಹೊಸಪೇಟೆಯ ಕಚೇರಿಗಳು ಬೇರೆ ಜಿಲ್ಲೆಗೆ ಹೋದಾಗ ವಿಳಾಸಗಳನ್ನೆಲ್ಲ ಬದಲಾಯಿಸಬೇಕೆ, ಅಥವಾ ಹಳೆಯದನ್ನೇ ಉಳಿಸಿಕೊಂಡು ಒಂದು ಸಾಲಿನ ಸೊಗಸನ್ನು ಕಳೆದುಕೊಳ್ಳಬೇಕೆ? ಇಂದಿನ ಅಗತ್ಯಕ್ಕೆ ಸರಿಯಾಗಿ ಕತ್ತರಿಸಿದ ಅಂಗಿ ನಾಳೆಗೆ ಬಿಗಿಯಾಗುತ್ತದೆ ಎಂಬ ತಿಳಿವಳಿಕೆ ಇಂಥ ಪ್ರಶ್ನೆಗಳಿಂದಲೇ ಮೂಡುತ್ತದೆ.

ಕೊನೆಯ ಮೈಲಿಯ ಗಣಿತ

ಉಳವಿಯಂತಹ ಹೋಬಳಿ ಕೇಂದ್ರದ ನಾಡಕಚೇರಿಯಲ್ಲಿ ಜಾತಿ, ಆದಾಯ, ವಾಸಸ್ಥಳ ಮುಂತಾದ ಪ್ರಮಾಣಪತ್ರಗಳ ಕೆಲಸ ಗಣಕಜಾಲದ ಮೂಲಕ ನಡೆಯುತ್ತದೆ. ಬೆಂಗಳೂರು–ಶಿವಮೊಗ್ಗ, ಶಿವಮೊಗ್ಗ–ಸೊರಬ, ಸೊರಬ–ಉಳವಿ ಎಂಬ ಮೂರು ಕೊಂಡಿಗಳ ಮೇಲೆ ಈ ಸೇವೆ ನಿಂತಿದೆಯೆಂದು ಭಾವಿಸೋಣ. ಪ್ರತಿ ಕೊಂಡಿಯೂ ನೂರಕ್ಕೆ 99ರಷ್ಟು ಕಾಲ ಕೆಲಸ ಮಾಡುತ್ತದೆ ಎಂದಿಟ್ಟುಕೊಂಡರೆ, ಮೂರೂ ಒಟ್ಟಿಗೆ ಕೆಲಸ ಮಾಡುವ ಕಾಲ ನೂರಕ್ಕೆ ಸುಮಾರು 97. ಅಂದರೆ ವರ್ಷಕ್ಕೆ ಸುಮಾರು 11 ದಿನ ಉಳವಿಯಲ್ಲಿ ಸೇವೆ ಇಲ್ಲ. ಮೊದಲ ಕೊಂಡಿಗೆ ಪರ್ಯಾಯ ಮಾರ್ಗವೊಂದನ್ನು ಕಲ್ಪಿಸಿದರೆ ಇದು ಸುಮಾರು 7 ದಿನಗಳಿಗೆ ಇಳಿಯುತ್ತದೆ. ಮೂರಕ್ಕೂ ಪರ್ಯಾಯ ಕಲ್ಪಿಸಿದರೆ ವರ್ಷಕ್ಕೆ ಮೂರು ಗಂಟೆಗೂ ಕಡಿಮೆ.

ಈ ಗಣಿತದಲ್ಲಿ ಒಂದು ಷರತ್ತು ಅಡಗಿದೆ: ಎರಡು ಮಾರ್ಗಗಳು ಬೇರೆ ಬೇರೆ ಕಾರಣಗಳಿಂದ ಕೆಡಬೇಕು. ಎರಡೂ ಕೇಬಲ್‌ಗಳು ಒಂದೇ ರಸ್ತೆಯ ಒಂದೇ ಗುಂಡಿಯಲ್ಲಿ ಹಾದುಹೋಗಿದ್ದರೆ, ರಸ್ತೆ ಅಗಲ ಮಾಡುವ ಯಂತ್ರದ ಒಂದೇ ಹೊಡೆತಕ್ಕೆ ಎರಡೂ ತುಂಡಾಗುತ್ತವೆ. ಎರಡು ಮಾರ್ಗಗಳಿದ್ದು ವಿದ್ಯುತ್ತಿನ ಮೂಲ ಒಂದೇ ಆಗಿದ್ದರೆ, ಮಲೆನಾಡಿನ ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಉರುಳಿದರೆ ಸಾಕು. ನಕಾಶೆಯಲ್ಲಿ ಎರಡು ಗೆರೆಗಳನ್ನು ಎಳೆಯುವುದು ಸುಲಭ. ನೆಲದ ಮೇಲೆ ಅವು ನಿಜಕ್ಕೂ ಎರಡೇ ಎಂದು ನಡೆದು ನೋಡುವುದು ವಿನ್ಯಾಸಕಾರನ ಕರ್ತವ್ಯ.

ಇನ್ನೊಂದು ಸತ್ಯವನ್ನೂ ಈ ಲೆಕ್ಕ ತೋರಿಸುತ್ತದೆ. ಕೇಂದ್ರ ಸ್ತರದ ಪರ್ಯಾಯ ಮಾರ್ಗದ ಪ್ರಯೋಜನವನ್ನು ಸಾವಿರಾರು ಕಚೇರಿಗಳು ಹಂಚಿಕೊಳ್ಳುತ್ತವೆ. ಕೊನೆಯ ಕೊಂಡಿಯ ಪರ್ಯಾಯ ಒಂದು ಹೋಬಳಿಗೆ ಮಾತ್ರ. ವೆಚ್ಚದ ತಕ್ಕಡಿ ಸದಾ ರಾಜಧಾನಿಯ ಕಡೆಗೆ ವಾಲುತ್ತದೆ, ಕಚೇರಿಗೆ ಬಂದು ಬರಿಗೈಯಲ್ಲಿ ಹಿಂದಿರುಗುವ ಕಷ್ಟ ಹೋಬಳಿಯ ಪಾಲಿಗೆ ಉಳಿಯುತ್ತದೆ. ಇಲ್ಲಿ 'ಭೂಮಿ'ಯ ಆರಂಭದ ವಿನ್ಯಾಸ ಮತ್ತೆ ಪ್ರಸ್ತುತವಾಗುತ್ತದೆ. ಪ್ರತಿ ಹೋಬಳಿಗೂ ಎರಡನೆಯ ಕೇಬಲ್ ಕೊಡಲಾಗದಿದ್ದರೆ, ಸಂಪರ್ಕ ಕಡಿದಾಗಲೂ ಅರ್ಜಿಯನ್ನು ಸ್ಥಳದಲ್ಲಿಯೇ ಸ್ವೀಕರಿಸಿ, ಸಂಪರ್ಕ ಮರಳಿದಾಗ ರವಾನಿಸುವಂತೆ ತಂತ್ರಾಂಶವನ್ನು ರೂಪಿಸಬಹುದು. ಜಾಲದ ಕೊರತೆಗೆ ಪರಿಹಾರ ಯಾವಾಗಲೂ ಜಾಲದಲ್ಲಿಯೇ ಇರಬೇಕೆಂದಿಲ್ಲ.

ಕಲಿಕೆಯ ಮಾರ್ಗ

ಭಾರತದಲ್ಲಿ ಗಣಕಜಾಲದ ಶಾಸ್ತ್ರೀಯ ಅಧ್ಯಯನಕ್ಕೆ ನೆಲೆಯೊದಗಿಸಿದ್ದು 1986ರಲ್ಲಿ ಆರಂಭವಾದ 'ಅರ್ನೆಟ್' ಯೋಜನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೂಲ ಸಹಭಾಗಿಗಳಲ್ಲಿ ಒಂದು. ಎಂಜಿನಿಯರಿಂಗ್ ಪಠ್ಯಕ್ರಮಗಳು ಶಿಷ್ಟಾಚಾರಗಳನ್ನೂ ಪದರಗಳನ್ನೂ ವಿವರವಾಗಿ ಬೋಧಿಸುತ್ತವೆ. ಸಿಸ್ಕೊದಂತಹ ಕಂಪನಿಗಳ ಪ್ರಮಾಣಪತ್ರ ಪರೀಕ್ಷೆಗಳು ಯಂತ್ರಗಳ ಬಳಕೆಯಲ್ಲಿ ನೈಪುಣ್ಯ ನೀಡುತ್ತವೆ. ಇವೆರಡೂ ಅಗತ್ಯ. ಆದರೆ ಎರಡು ಸರಿಯಾದ ಉತ್ತರಗಳ ನಡುವೆ ಒಂದನ್ನು ಆರಿಸಿ, ಆ ಆಯ್ಕೆಯ ಕಾರಣವನ್ನು ಸಮರ್ಥಿಸುವ ಅಭ್ಯಾಸ ಇವುಗಳಿಂದ ಮಾತ್ರ ಬಾರದು.

ಅದಕ್ಕೆ ಮೂರು ಸಾಧನೆಗಳು ನೆರವಾಗುತ್ತವೆ. ಮೊದಲನೆಯದು, ಇರುವ ಜಾಲವೊಂದರ ನಕಾಶೆಯನ್ನು ಬರೆದು ಪ್ರತಿ ಗೆರೆಗೂ 'ಇದು ಇಲ್ಲದಿದ್ದರೆ ಏನಾಗುತ್ತದೆ?' ಎಂದು ಕೇಳುವುದು. ಎರಡನೆಯದು, ಪ್ಯಾಕೆಟ್ ಟ್ರೇಸರ್, ಜಿಎನ್‌ಎಸ್3 ಮುಂತಾದ ತಂತ್ರಾಂಶಗಳಲ್ಲಿ ಜಾಲವನ್ನು ಕಟ್ಟಿ, ಉದ್ದೇಶಪೂರ್ವಕವಾಗಿ ಕೆಡಿಸಿ, ಅದು ಚೇತರಿಸಿಕೊಳ್ಳುವ ಬಗೆಯನ್ನು ಗಮನಿಸುವುದು. ಮೂರನೆಯದು, ನಿರ್ಧಾರಗಳ ಜೊತೆಗೆ ಅವುಗಳ ಕಾರಣಗಳನ್ನೂ ತಿರಸ್ಕರಿಸಿದ ಪರ್ಯಾಯಗಳನ್ನೂ ಬರೆದಿಡುವುದು. ಹತ್ತು ವರ್ಷಗಳ ಅನಂತರ ಜಾಲವನ್ನು ನೋಡಿಕೊಳ್ಳುವವನಿಗೆ ಯಂತ್ರದ ಕೈಪಿಡಿಗಿಂತ ಈ ಟಿಪ್ಪಣಿಯೇ ಹೆಚ್ಚು ಉಪಯುಕ್ತ.

ಒಟ್ಟಿನಲ್ಲಿ, ಬೃಹತ್ ಜಾಲದ ವಿನ್ಯಾಸವನ್ನು ಕಲಿಯುವುದೆಂದರೆ ವೇಗವನ್ನು ಹೆಚ್ಚಿಸುವ ಉಪಾಯಗಳನ್ನು ಕಲಿಯುವುದಷ್ಟೇ ಅಲ್ಲ; ವೈಫಲ್ಯ ಎಲ್ಲಿ ಸಂಭವಿಸಬೇಕು, ಅದರ ಭಾರವನ್ನು ಯಾರು ಹೊರಬೇಕು ಎಂಬುದನ್ನು ಮುಂಚಿತವಾಗಿ ನಿರ್ಧರಿಸುವುದನ್ನು ಕಲಿಯುವುದು. ಜಾಲದ ಯೋಗ್ಯತೆಯನ್ನು ರಾಜಧಾನಿಯ ದತ್ತಾಂಶ ಕೇಂದ್ರದಲ್ಲಿ ಕುಳಿತು ಅಳೆಯುವುದಕ್ಕಿಂತ ಹೋಬಳಿಯ ನಾಡಕಚೇರಿಯ ಕಿಟಕಿಯ ಬಳಿ ನಿಂತು ಅಳೆಯುವುದು ಹೆಚ್ಚು ನ್ಯಾಯಸಮ್ಮತ.