ಮೊದಲು ಫೋಟೋ, ಆಮೇಲೆ ಎಣ್ಣಿ

ಮೆಣಸಿನ ಗಿಡದ ಎಲೆ ಮುಟುರಿದರೆ ನಮ್ಮ ಬಾಗಲಕೋಟೆ, ಹುನಗುಂದ ಕಡೆ ಬರುವ ಮಾತು ಒಂದೇ – ‘ನುಸಿ ಬಿದ್ದೈತಿ’. ಅಂಗಡಿಗೆ ಹೋಗಿಯೂ ಹಾಗೇ ಹೇಳುತ್ತೇವೆ. ಕೊಟ್ಟ ಡಬ್ಬಿ ತಂದು ಹೊಡೆಯುತ್ತೇವೆ.

ಆದರೆ ನುಸಿ ಎಂಬ ಒಂದೇ ಹೆಸರಿನಲ್ಲಿ ಎರಡು ಜೀವಿಗಳಿವೆ ನೋಡ್ರಿ. ಒಂದು ಥ್ರಿಪ್ಸ್. ಆರು ಕಾಲಿನ ಕೀಟ, ಉದ್ದ ಸುಮಾರು 1 ಮಿಲಿಮೀಟರ್. ಇನ್ನೊಂದು ಮೈಟ್. ಬೆಳೆದ ಮೈಟಿಗೆ ಎಂಟು ಕಾಲು, ಅದು ಜೇಡನ ಬಳಗ, ಗಾತ್ರ ಇನ್ನೂ ಚಿಕ್ಕದು. ಥ್ರಿಪ್ಸಿಗೆ ಹೊಡೆಯುವ ಎಷ್ಟೋ ಔಷಧಿ ಮೈಟಿಗೆ ತಾಗುವುದಿಲ್ಲ. ಎಲೆ ಮೇಲಕ್ಕೆ ಮುಟುರಿದರೆ ಥ್ರಿಪ್ಸ್, ಕೆಳಕ್ಕೆ ಮುಟುರಿದರೆ ಮೈಟ್ ಎಂಬ ಲೆಕ್ಕ ಉಂಟು. ಎರಡೂ ಕೂಡಿ ಬಿದ್ದಾಗ ಆ ಲೆಕ್ಕ ತಪ್ಪುತ್ತದೆ. ಆಗ ಕಣ್ಣಿಗೆ ಕಾಣದ್ದನ್ನು ದೊಡ್ಡದು ಮಾಡಿ ನೋಡಲೇಬೇಕು.

ಸಾಮಾನು ಏನು ಬೇಕು?

ಜೇಬಿನ ಮೊಬೈಲ್ ಸಾಕು. ಅದರ ಕ್ಯಾಮೆರಾ ಕಣ್ಣಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇಲ್ಲದಿದ್ದರೆ ಹತ್ತು ಪಟ್ಟು ದೊಡ್ಡದು ತೋರಿಸುವ ಭೂತಗನ್ನಡಿಯನ್ನು ಕ್ಯಾಮೆರಾ ಕಣ್ಣಿಗೆ ಒತ್ತಿ ಹಿಡಿದರೂ ಆದೀತು. ದೊಡ್ಡ ಕ್ಯಾಮೆರಾ ಇದ್ದವರು 50 ಮಿ.ಮೀ. ಲೆನ್ಸನ್ನು ರಿಂಗ್ ಹಾಕಿ ತಿರುಗಾಮುರುಗಾ ಕೂರಿಸಿದರೆ ಅದೇ ಮ್ಯಾಕ್ರೋ ಕೆಲಸ ಮಾಡುತ್ತದೆ.

ತೆಗೆಯುವ ಕ್ರಮ

* ಬೆಳಗ್ಗೆ ಬಿಸಿಲೇರುವ ಮೊದಲೇ ಹೊಲಕ್ಕೆ ಹೋಗಿ. ತಂಪಿನಲ್ಲಿ ಹುಳ ಮಂದ, ಗಾಳಿಯೂ ಕಡಿಮೆ. ಆಷಾಢದ ಗಾಳಿಯಲ್ಲಾದರೆ ಎಲೆ ಕಿತ್ತು ನೆರಳಿಗೆ ತನ್ನಿ.
* ಲೆನ್ಸು ಹುಳದಿಂದ ಒಂದೆರಡು ಬೆರಳಗಲದಷ್ಟು ಹತ್ತಿರ ಬರಬೇಕು. ಸ್ಪಷ್ಟ ಕಾಣುವ ಪಟ್ಟಿ ಬಹಳ ತೆಳು, ಸುಮಾರು ಮಿಲಿಮೀಟರಿನ ಲೆಕ್ಕ. ಝೂಮ್ ಮಾಡಬೇಡಿ. ಮೊಬೈಲನ್ನೇ ತುಸು ಹಿಂದೆ ಮುಂದೆ ಮಾಡಿ. ಹತ್ತು ತೆಗೆದರೆ ಎರಡು ಚೆನ್ನಾಗಿ ಬರುತ್ತವೆ.
* ನೇರ ಬಿಸಿಲಿದ್ದರೆ ಮೇಲೆ ಬಿಳಿ ಬಟ್ಟೆ ಹಿಡಿಯಿರಿ. ಮೈ ಮಿನುಗುವುದು ತಪ್ಪುತ್ತದೆ.
* ಹೂವನ್ನು ಬಿಳಿ ಕಾಗದದ ಮೇಲೆ ಕೊಡವಿ. ಬಿದ್ದ ಥ್ರಿಪ್ಸ್ ಪಕ್ಕ ಸ್ಕೇಲ್ ಇಟ್ಟು ತೆಗೆಯಿರಿ.
* ಹುಳದ ಮೇಲಿನಿಂದ ಒಂದು, ಬದಿಯಿಂದ ಒಂದು, ಎಲೆಯ ಕೆಳಮೈ ಒಂದು, ಇಡೀ ಗಿಡದ್ದೊಂದು – ನಾಲ್ಕು ಫೋಟೋ ಬೇಕು.

ಚಿತ್ರ ಹೇಳುವ ಸತ್ಯ

ಮೆಣಸಿನ ಹಳೆಯ ಥ್ರಿಪ್ಸ್ ತಿಳಿಹಳದಿ, ಎಳೆ ಎಲೆಯ ಮೇಲೆ. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿಗೆ ಜೋರಾಗಿ ಬಿದ್ದದ್ದು ಕಪ್ಪು ಥ್ರಿಪ್ಸ್. ಅದು ಹೂವಿನೊಳಗೆ ಗುಂಪು ಕೂಡುತ್ತದೆ. ಈ ಬಣ್ಣದ ವ್ಯತ್ಯಾಸ ಫೋಟೋದಲ್ಲಿ ಕಾಣುತ್ತದೆ.

ಗೋವಿನಜೋಳದ ಸೈನಿಕ ಹುಳು ಭಾರತದಲ್ಲಿ ಮೊದಲು ವರದಿಯಾದದ್ದು 2018ರಲ್ಲಿ, ನಮ್ಮ ಶಿವಮೊಗ್ಗದಿಂದ. ಅದರ ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದಂಥ ಗುರುತು. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಸಾದಾ ಮೊಬೈಲಿಗೂ ಸಿಗುತ್ತವೆ.

ಫೋಟೋದ ದೊಡ್ಡ ಲಾಭ ಬೇರೆಯೇ ಐತಿ – ಗೆಳೆಯರು ಉಳಿಯುತ್ತಾರೆ. ಗುಲಗಂಜಿ ಹುಳು ಎಲ್ಲರಿಗೂ ಗೊತ್ತು. ಅದರ ಮರಿ ಮೊಸಳೆಯಾಕಾರ, ಹೆದರಿಕೆ ಬರುವಂತಿರುತ್ತದೆ. ಹೇನು ತಿನ್ನುವ ಅದನ್ನೇ ಪೀಡೆ ಎಂದು ಕೊಲ್ಲುತ್ತೇವೆ. ಹಿಟ್ಟುತಿಗಣೆ ತಿನ್ನುವ ಕ್ರಿಪ್ಟೋಲೇಮಸ್ ಎಂಬ ಗುಲಗಂಜಿ ಹುಳುವನ್ನು 1898ರಲ್ಲಿ ಆಸ್ಟ್ರೇಲಿಯಾದಿಂದ ತಂದರು. ಅದರ ಮರಿಯೂ ಮೈತುಂಬ ಬಿಳಿ ಮೇಣ ಹೊತ್ತು ಥೇಟ್ ಹಿಟ್ಟುತಿಗಣೆಯಂತೆಯೇ! ಹತ್ತಿರದಿಂದ ನೋಡಿ: ಮೇಣದ ಎಳೆಗಳು ಉದ್ದ, ನಡಿಗೆ ಚುರುಕು. ದಾಳಿಂಬೆ ಬೆಳೆಯುವವರು ಇದನ್ನು ಗುರುತಿಸಲೇಬೇಕು.

ಯಾರಿಗೆ ತೋರಿಸುವುದು?

ನವನಗರದ ಉದ್ಯಾನಗಿರಿಯಲ್ಲಿ 2008ರಲ್ಲಿ ಶುರುವಾದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಬರೀ ಫೋಟೋ ಸಾಲದ ಸಂದರ್ಭವೂ ಉಂಟು. ಮೆಣಸಿನ ಹಳದಿ ಮೈಟ್ 0.2 ಮಿ.ಮೀ. ಆಸುಪಾಸು, ಮೊಬೈಲಿಗೆ ಚುಕ್ಕೆಯಷ್ಟೇ. ಥ್ರಿಪ್ಸಿನ ಜಾತಿ ಖಚಿತ ಮಾಡಲು ಸೂಕ್ಷ್ಮದರ್ಶಕ ಬೇಕು. ಹಾಗಾಗಿ ಮುಟುರಿದ ಎಳೆ ಚಿಗುರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹುಳವನ್ನು ಸ್ಪಿರಿಟ್ ಹಾಕಿದ ಪುಟ್ಟ ಸೀಸೆಯಲ್ಲಿ ಹಾಕಿ ಅದೇ ದಿನ ಒಯ್ಯಿರಿ.

ಬೆಳೆ, ತಾರೀಖು, ಹಿಂದೆ ಹೊಡೆದ ಔಷಧಿ ಬರೆದಿಡಿ. ಮುಂದಿನ ಹಂಗಾಮಿಗೆ ಅಂಗಡಿಗೆ ಹೋದಾಗ ‘ನುಸಿಗೆ ಕೊಡ್ರಿ’ ಅನ್ನುವ ಬದಲು, ಯಾವ ನುಸಿ ಎಂದು ನೀವೇ ತೋರಿಸಬಹುದು.