ಸೋರುವ ಕೋಟೆ



ಹೋದ ಮಳೆಗಾಲದ ಸಂಚಿಕೆ ನೆನಪಿದೆಯಾ? ಇದೇ ಗೋಡೆ ಒದ್ದೆಯಾಗಿ, ಹಾಳೆ ಮೇಲಿನ ಶಾಯಿಯೆಲ್ಲ ಹರಡಿ, ಏಳನೇ ತರಗತಿಯವರ ಕವನದ ಕೊನೇ ನಾಲ್ಕು ಸಾಲು ಯಾರಿಗೂ ಓದೋಕೆ ಆಗಲಿಲ್ಲ. ಆಗ ನಾವೆಲ್ಲ ತಾರಸಿ ಹಾಕಿದ ಮೇಸ್ತ್ರಿಯನ್ನು ಬೈದೆವು. ಆದರೆ ಒಬ್ಬ ದೊಡ್ಡ ಶ್ರೀಮಂತ, ಆ ಕಾಲದ ಹೆಸರುವಾಸಿ ವಾಸ್ತುಶಿಲ್ಪಿಯನ್ನು ಹಿಡಿದು, ಹತ್ತೊಂಬತ್ತು ವರ್ಷ ಕಟ್ಟಿಸಿದ ಕಲ್ಲಿನ ಕೋಟೆಯೂ ನಮ್ಮ ಕೊಠಡಿ ಹಾಗೇ ಸೋರುತ್ತಿತ್ತು ಅಂದರೆ ನಂಬುತ್ತೀರಾ? ಆ ಕೋಟೆಯ ಹೆಸರು ಕ್ಯಾಸಲ್ ಡ್ರೋಗೋ. ಇರುವುದು ಇಂಗ್ಲೆಂಡಿನ ಡೆವನ್ ಎಂಬ ಸೀಮೆಯಲ್ಲಿ, ಟೀನ್ ನದಿಯ ಕಣಿವೆಯ ಮೇಲೆ ಚಾಚಿಕೊಂಡಿರುವ ಒಂದು ಗುಡ್ಡದ ಮೂತಿಯಲ್ಲಿ.

ಕೋಟೆ ಅಂದ ಕೂಡಲೇ ರಾಜ, ಯುದ್ಧ, ಫಿರಂಗಿ ಅಂತ ಯೋಚಿಸಬೇಡಿ. ಇದನ್ನು ಕಟ್ಟಿಸಿದವನು ಅಂಗಡಿ ವ್ಯಾಪಾರಿ. ಹೆಸರು ಜೂಲಿಯಸ್ ಡ್ರೂ, ಹುಟ್ಟಿದ್ದು 1856ರಲ್ಲಿ. ಟೀ ವ್ಯಾಪಾರದಲ್ಲಿ ಪಳಗಿ, ಆಮೇಲೆ ಹೋಮ್ ಅಂಡ್ ಕಲೋನಿಯಲ್ ಸ್ಟೋರ್ಸ್ ಎಂಬ ದಿನಸಿ ಅಂಗಡಿಗಳ ಸಾಲನ್ನೇ ಶುರು ಮಾಡಿದ. ಲಾಭ ಎಷ್ಟು ಬಂತೆಂದರೆ, 33ನೇ ವಯಸ್ಸಿಗೇ ವ್ಯಾಪಾರ ಬಿಟ್ಟು ಆರಾಮಾಗಿ ಕೂತ. ದುಡ್ಡಾಯಿತು, ಇನ್ನು ವಂಶ ಬೇಕಲ್ಲ! ಹಳೇ ಕಾಲದ ಡ್ರೋಗೋ ಎಂಬ ಪಾಳೇಗಾರನಂಥ ಸರದಾರ ತನ್ನ ಮೂಲಪುರುಷ ಎಂದು ಅವನು ನಂಬಿದ್ದ. ಆ ಡ್ರೋಗೋನ ಹೆಸರಿನಿಂದಲೇ ಅಲ್ಲಿನ ಊರಿಗೆ ಡ್ರೂಸ್‌ಟೇನ್ಟನ್ ಎಂಬ ಹೆಸರು ಬಂದಿದೆ. ಹಾಗಾಗಿ ಅದೇ ಊರಿನ ಹತ್ತಿರ ಜಮೀನು ಕೊಂಡು, 1911ರ ಏಪ್ರಿಲ್ 4ರಂದು, ತನ್ನ 55ನೇ ಹುಟ್ಟುಹಬ್ಬದ ದಿನವೇ, ಅಡಿಗಲ್ಲು ಹಾಕಿದ.

ವಾಸ್ತುಶಿಲ್ಪಿ ಎಡ್ವಿನ್ ಲುಟಿಯನ್ಸ್. ಈ ಹೆಸರು ನಮಗೆ ಹೊಸದಲ್ಲ. ದೆಹಲಿಯ ರಾಷ್ಟ್ರಪತಿ ಭವನದ ನಕ್ಷೆ ಮಾಡಿದವರು ಇವರೇ. ಇಲ್ಲಿ ಗುಡ್ಡದ ಮೇಲೆ ಕೋಟೆ ಏಳುತ್ತಿದ್ದ ಹೊತ್ತಿಗೇ ಅಲ್ಲಿ ಹೊಸದಿಲ್ಲಿಯೂ ಏಳುತ್ತಿತ್ತು. ಒಂದೇ ಕೈಯ ಎರಡು ಕೆಲಸ. ತಮಾಷೆ ಅಂದರೆ ಲುಟಿಯನ್ಸ್‌ಗೆ ಕೋಟೆ ಕಟ್ಟೋದು ಅಷ್ಟು ಇಷ್ಟವಿರಲಿಲ್ಲ. ದೊಡ್ಡ ದೊಡ್ಡ ಕೋಣೆಗಳ ಒಂದು ಒಳ್ಳೆ ಮನೆ ಸಾಕು ಅಂತ ಅವರ ಮನಸ್ಸು. ಆದರೆ ದುಡ್ಡು ಕೊಡುವವನ ಮಾತೇ ನಡೆಯಬೇಕಲ್ಲ.

ಈಗ ಕಟ್ಟಡದ ವಿಷಯಕ್ಕೆ ಬರೋಣ. ಹಳೇ ಕೋಟೆಗಳಲ್ಲಿ ಪ್ರತಿಯೊಂದಕ್ಕೂ ಕಾರಣ ಇರ್ತಿತ್ತು. ಗೋಡೆ ದಪ್ಪ ಇದ್ದದ್ದು ಶತ್ರು ಒಡೆಯಬಾರದು ಅಂತ. ಗೋಡೆಯ ನೆತ್ತಿಯಲ್ಲಿ ಹಲ್ಲಿನ ಸಾಲಿನ ಹಾಗೆ ಇರುವ ಕೋಟೆತೆನೆ ಯಾಕೆಂದರೆ, ಸೈನಿಕ ಹಿಂದೆ ಅಡಗಿ, ಸಂದಿಯಲ್ಲಿ ಬಾಣ ಬಿಡೋಕೆ. ಬಾಗಿಲ ಮೇಲಿನಿಂದ ಸರ್ರನೆ ಇಳಿಯುವ ಜಾಲರಿ ಬಾಗಿಲು ಯಾಕೆಂದರೆ, ಒಳಗೆ ನುಗ್ಗುವವರನ್ನು ಅಲ್ಲೇ ತಡೆಯೋಕೆ. ಡ್ರೋಗೋದಲ್ಲಿ ಇವೆಲ್ಲ ಇವೆ. ಎಲ್ಲ ಗಟ್ಟಿ ಗ್ರಾನೈಟ್ ಕಲ್ಲು. ಮುಂಬಾಗಿಲ ಮೇಲೆ ಕೆತ್ತಿದ ಸಿಂಹ. ಜಾಲರಿ ಬಾಗಿಲು ಬರೀ ಅಲಂಕಾರಕ್ಕಲ್ಲ, ನಿಜವಾಗಿ ಮೇಲೆ ಕೆಳಗೆ ಆಡುತ್ತದೆ. ಆದರೆ ದಾಳಿ ಮಾಡೋಕೆ ಯಾರು ಬರ್ತಾರೆ? 1911ರಲ್ಲಿ!

ಒಳಗೆ ಹೋದರೆ ಮಾತ್ರ ಬೇರೆಯೇ ಲೋಕ. ಕೆಳಗೆ ನದಿಯ ಹತ್ತಿರ ಟರ್ಬೈನ್ ಕೂರಿಸಿ ಮನೆಗೆ ಕರೆಂಟು ತಂದಿದ್ದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಡಿಗೆಮನೆ. ಅದರ ಗೋಡೆಗಳಲ್ಲಿ ಕಿಟಕಿ ಇಲ್ಲ, ಬೆಳಕು ನೆತ್ತಿಯಿಂದ ಬೀಳುತ್ತದೆ. ನಮ್ಮ ಹಳೇ ಮನೆಗಳ ಗವಾಕ್ಷಿ ಇದ್ದ ಹಾಗೆ, ಆದರೆ ತುಂಬಾ ದೊಡ್ಡದು. ಸರಿಯಾಗಿ ಅದರ ಕೆಳಗೆ ಗುಂಡನೆಯ ಮರದ ಮೇಜು. ಆ ಮೇಜಿನ ನಕ್ಷೆಯೂ ಲುಟಿಯನ್ಸ್ ಅವರದೇ.

ಮೊದಲು ಹಾಕಿದ ನಕ್ಷೆ ಭಾರೀ ದೊಡ್ಡದಿತ್ತು. ಮುಂದೆ ಒಂದು ಹೆಬ್ಬಾಗಿಲು ಕಟ್ಟಿದರೆ ಹೇಗೆ ಕಾಣುತ್ತೆ ಅಂತ ಮರದಲ್ಲಿ ಪೂರ್ತಿ ಅಳತೆಯ ಮಾದರಿಯನ್ನೇ ನಿಲ್ಲಿಸಿ ನೋಡಿದರಂತೆ. ನಾಟಕದ ಸೀನು ಕಟ್ಟಿದ ಹಾಗೆ! ಆಮೇಲೆ ಬೇಡ ಅಂತ ಬಿಟ್ಟರು. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು, ಕೆಲಸಗಾರರು ಸೈನ್ಯಕ್ಕೆ ಹೋದರು. ಡ್ರೂ ಅವರ ಹಿರಿ ಮಗ ಏಡ್ರಿಯನ್ 1917ರಲ್ಲಿ ಯುದ್ಧದಲ್ಲಿ ಸತ್ತ. ಕೋಟೆಯಲ್ಲಿ ಅವನ ನೆನಪಿಗೆ ಒಂದು ಕೋಣೆ ಇದೆ. ಆಟದ ಕೋಟೆ ಕಟ್ಟಿಸುತ್ತಿದ್ದವನ ಮನೆಗೆ ನಿಜವಾದ ಯುದ್ಧ ಬಂದ ಹಾಗಾಯಿತು. ಕೊನೆಗೆ ಮೊದಲಿನ ನಕ್ಷೆಯ ಸುಮಾರು ಮೂರನೇ ಒಂದು ಭಾಗ ಮಾತ್ರ 1930ಕ್ಕೆ ಮುಗಿಯಿತು. ಮರುವರ್ಷ, 1931ರಲ್ಲಿ, ಜೂಲಿಯಸ್ ಡ್ರೂ ತೀರಿಕೊಂಡರು.

ಇನ್ನು ಸೋರುವ ವಿಷಯ. ಆ ಸೀಮೆಯಲ್ಲಿ ಮಳೆ ಜಾಸ್ತಿ, ಗುಡ್ಡದ ಮೇಲೆ ಗಾಳಿಯೂ ಜಾಸ್ತಿ. ಅಂಥ ಕಡೆ ಇಳಿಜಾರು ಮಾಡು ಹಾಕಬೇಕು, ನಮ್ಮ ಮಲೆನಾಡಿನ ಹೆಂಚಿನ ಮನೆಗಳಂತೆ. ಆದರೆ ಇಳಿಜಾರು ಮಾಡು ಎದ್ದು ಕಂಡರೆ ಕೋಟೆಯ ಗತ್ತು ಹೋಗ್ತದಲ್ಲ! ಅದಕ್ಕೇ ಚಪ್ಪಟೆ ತಾರಸಿ. ಅದೂ ಒಂದೇ ಮಟ್ಟದ್ದಲ್ಲ, ಮೇಲೆ ಕೆಳಗೆ ಹಲವು ತುಂಡು. ನೀರು ಇಳಿಯದಿರಲಿ ಅಂತ ಆಸ್ಫಾಲ್ಟ್ ಬಳಿದರು. ಅದು ನಮ್ಮ ರಸ್ತೆ ಡಾಂಬರಿನ ಜಾತಿಯದು, ಆಗಿನ್ನೂ ಹೊಸ ವಸ್ತು.

ವಿಜ್ಞಾನ ಪಾಠದಲ್ಲಿ ಓದಿದ್ದೇವೆ: ವಸ್ತು ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಆದರೆ ಎಲ್ಲ ವಸ್ತುವೂ ಒಂದೇ ಸಮ ಹಿಗ್ಗುವುದಿಲ್ಲ. ಕಲ್ಲು ಒಂದು ತರಹ, ಕಾಂಕ್ರೀಟು ಇನ್ನೊಂದು ತರಹ, ಆಸ್ಫಾಲ್ಟ್ ಮತ್ತೊಂದು ತರಹ. ಈ ಎಳೆದಾಟದಲ್ಲಿ ಆಸ್ಫಾಲ್ಟ್ ಬಿರುಕು ಬಿಟ್ಟಿತು, ಅದರಲ್ಲೂ ತಾರಸಿ ಬಂದು ಗೋಡೆಗೆ ಸೇರುವ ಕಡೆ. ಒಂದು ಸಲ ಒಳಗೆ ಸೇರಿದ ನೀರು ದಪ್ಪ ಗೋಡೆಯೊಳಗೆ ಎಲ್ಲೆಲ್ಲೋ ಹರಿದು, ಬೇರೆಲ್ಲೋ ಬಂದು ತೊಟ್ಟಿಕ್ಕುತ್ತದೆ. ಆದ್ದರಿಂದ ತೂತು ಎಲ್ಲಿದೆ ಅಂತ ಹುಡುಕುವುದೇ ಕಷ್ಟ. ಕಲ್ಲಿನ ಸಂದಿಗಳಿಂದ, ಕಿಟಕಿಗಳ ಸುತ್ತಲಿಂದ ಕೂಡ ನೀರು ಬರ್ತಿತ್ತು. ಬಾಣ ತಡೆಯೋ ಗೋಡೆ ಮಳೆ ತಡೆಯಲಿಲ್ಲ.

1974ರಲ್ಲಿ ಡ್ರೂ ಮನೆತನದವರು ಕೋಟೆಯನ್ನು ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟರು. ಹಳೇ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ ಅದು. ಇಪ್ಪತ್ತನೇ ಶತಮಾನದಲ್ಲಿ ಕಟ್ಟಿದ ಕಟ್ಟಡವೊಂದು ಅವರ ಕೈಗೆ ಬಂದದ್ದು ಅದೇ ಮೊದಲು. ಅವರೂ ವರ್ಷ ವರ್ಷ ತೇಪೆ ಹಾಕಿ ನೋಡಿದರು, ಆಗಲಿಲ್ಲ. ಕೊನೆಗೆ 2013ರಲ್ಲಿ ದೊಡ್ಡ ಕೆಲಸವನ್ನೇ ಹಿಡಿದರು. ಕೋಟೆಗೆ ಸಾರುವೆ ಕಟ್ಟಿ, ಮೇಲೆ ತಾತ್ಕಾಲಿಕ ಛಾವಣಿ ಹಾಕಿ, ಎರಡು ಸಾವಿರಕ್ಕೂ ಹೆಚ್ಚು ಕಲ್ಲು ಕಳಚಿ, ಹೊಸ ಪದರ ಹಾಸಿ, ಮತ್ತೆ ಕಲ್ಲುಗಳನ್ನು ಜೋಡಿಸಿದರು. ಕಟ್ಟಿದ್ದಕ್ಕೆ ಹತ್ತೊಂಬತ್ತು ವರ್ಷವಾದರೆ ರಿಪೇರಿಗೂ ವರ್ಷಗಟ್ಟಲೆ ಹಿಡಿಯಿತು. ನದಿ ಹತ್ತಿರದ ಹಳೇ ಟರ್ಬೈನುಗಳನ್ನೂ ಸರಿಮಾಡಿ, 2017ರಲ್ಲಿ ಮತ್ತೆ ಕರೆಂಟು ತೆಗೆದರು.

ಇದನ್ನು ಬರೆಯುತ್ತಾ ಒಂದು ಯೋಚನೆ ಬಂತು. ಮೇಷ್ಟ್ರನ್ನು ಕೇಳಿಕೊಂಡು ಹೋದ ಶನಿವಾರ ನಾವು ಮೂವರು ಏಣಿ ಇಟ್ಟು ಈ ಕೊಠಡಿಯ ತಾರಸಿ ಹತ್ತಿದೆವು. ನಡುವೆ ಎಲ್ಲೂ ಬಿರುಕಿಲ್ಲ. ಕೈಪಿಡಿ ಗೋಡೆ ಬಂದು ತಾರಸಿಗೆ ಸೇರುವ ಕಡೆ ಮಾತ್ರ, ಸರಿಯಾಗಿ ಈ ಪತ್ರಿಕೆ ಅಂಟಿಸುವ ಗೋಡೆಯ ಮೇಲೆ, ಬೆರಳು ತೂರುವಷ್ಟು ಸಂದಿ ಇದೆ. ನೀರು ಹೋಗುವ ಕೊಳವೆಯ ಬಾಯಿಗೆ ಬೇವಿನೆಲೆ ಮೆತ್ತಿಕೊಂಡಿತ್ತು. ಎಲೆ ತೆಗೆದು ಬಂದಿದ್ದೇವೆ. ಸಂದಿಯ ವಿಷಯ ಹೆಡ್ ಮೇಷ್ಟ್ರಿಗೆ ಹೇಳಿದ್ದೇವೆ. ಮಳೆ ಶುರುವಾಗೋಕೆ ಇನ್ನು ಒಂದೂವರೆ ತಿಂಗಳಿದೆ.